ಗವಿಯ ಬಾಯಿಗೆ ಕಿವಿ

ಕದ್ರಾ ಹಿನ್ನೀರು ದಾಟಿ, ಗುಡ್ಡದ ಬೆನ್ನೇರಿ,
ಎರಡು ಬಂಡೆ ಹೆಗಲು ಕೊಟ್ಟು ನಿಂತಲ್ಲಿ
ಒಂದು ಬಿರುಕು.
ಅದರೊಳಗೆ ಅವಳು ಹೋಗಿ ಹನ್ನೊಂದು ದಿನ.
ಹುತ್ತ ಕೆದರಿದ ಗುರುತಿಲ್ಲ, ಬಗನಿ ಮರದ ಬುಡದಲ್ಲಿ
ಹೊಸ ಹಿಕ್ಕೆಯಿಲ್ಲ.
'ಹೆರಿಗೆಗೆ ಕೂತಿದ್ದಾಳೆ' ಎಂದ ಬಾಬ್ಲೋ ವೇಳಿಪ,
ನೆರೆಮನೆಯ ಸುದ್ದಿ ಹೇಳಿದ ಹಾಗೆ.

ಹತ್ತಿರ ಹೋಗಲು ನಮಗೆ ಅಪ್ಪಣೆಯಿಲ್ಲ.
ಅವಳು ಒಳಹೊಗುವ ಮೊದಲೇ, ಕಾರ್ತಿಕದಲ್ಲಿ,
ಬಂಡೆಯ ಸಂದಿಗೆ ಇಟ್ಟು ಬಂದಿದ್ದೆವು
ಹೆಬ್ಬೆರಳಷ್ಟು ಮೈಕು, ಕತ್ತಲಲ್ಲೂ ಕಾಣುವ ಕಣ್ಣೊಂದು.
ವಯರು ತರಗೆಲೆಯಡಿ ಇಳಿದಿಳಿದು
ನಮ್ಮ ಮಾಳದವರೆಗೆ ಬರುತ್ತದೆ.

ಅಂದಿನ ರಾತ್ರಿ ಬರಿಯ ಉಸಿರು,
ಮುದುಕನೊಬ್ಬ ಹಂಡೆಯೊಳಗೆ ನಿದ್ದೆ ಹೋದಂತೆ.
ಮೂರನೆಯ ರಾತ್ರಿ ಅದರ ಮೇಲೆ ಇನ್ನೊಂದು ದನಿ.
ಗುಂಯ್ ಎಂದು, ಬಿಡದೆ, ಒಂದೇ ಎಳೆಯಲ್ಲಿ,
ಪೊಟರೆಗೆ ಕಿವಿಯಿಟ್ಟರೆ ಮಿಸರಿ ಜೇನು ಕೇಳುತ್ತದಲ್ಲ, ಹಾಗೆ.
'ಗವಿಯಲ್ಲಿ ಜೇನಿದೆಯಾ ಬಾಬ್ಲೋಮಾಮಾ?'
'ಜೇನಲ್ಲ, ಬಾಯೇ. ಮೊಲೆ ಸಿಕ್ಕಿದೆ.'

ಪರದೆಯಲ್ಲಿ ಬೂದು ಬಣ್ಣದ ಒಂದು ರಾಶಿ.
ಯಾವುದು ತಾಯಿ, ಯಾವುದು ನೆಲ, ತಿಳಿಯದು.
ರಾಶಿ ಮಗ್ಗುಲಾಗುತ್ತದೆ. ಅಗೆಯಲೆಂದೇ ಹುಟ್ಟಿದ ಉಗುರುಗಳನ್ನು
ಒಳಕ್ಕೆ ಮಡಚಿ, ಹಿಂಗೈಯಿಂದ ತಳ್ಳಿ ತಳ್ಳಿ
ಹತ್ತಿರ ತರುತ್ತದೆ
ಜಾರಿಹೋದ ಒಂದು ಮುಷ್ಟಿ ಕತ್ತಲನ್ನು.
ಇನ್ನೊಂದು ಆಗಲೇ ಕೊರಳ ಕೂದಲಲ್ಲಿ ಕಳೆದುಹೋಗಿದೆ.
ನೆಕ್ಕುತ್ತಾಳೆ. ಎಷ್ಟು ಹೊತ್ತು? ಬರೆದಿಟ್ಟಿದ್ದೇನೆ:
ಎರಡು ಐದರಿಂದ ಎರಡು ಐವತ್ತು.
ಏಕೆ ಎಂಬ ಕಾಲಮ್ಮು ಖಾಲಿ.

ಬಾಬ್ಲೋ ಪರದೆ ನೋಡುವುದಿಲ್ಲ. ಕೇಳುತ್ತಾನೆ, ಅಷ್ಟೇ.
ಎಡಗಡೆ ಇಯರ್‌ಫೋನು ನಿಲ್ಲುವುದಿಲ್ಲ, ಅಲ್ಲಿ ಕಿವಿಯಿಲ್ಲ.
ಎಡಗಣ್ಣಿದ್ದ ಜಾಗದಿಂದ ದವಡೆಯವರೆಗೆ ಚರ್ಮ
ಅವಸರದಲ್ಲಿ ಹೊಲಿದ ಗೋಣಿ.
ಹದಿನೆಂಟು ವರ್ಷದ ಹಿಂದೆ, ಕವಳಿ ಹಣ್ಣಿನ ಕಾಲ,
ಬಿದಿರುಮೆಳೆಯ ತಿರುವಿನಲ್ಲಿ ಎದುರುಬದುರು.
ಕಾರವಾರದ ಆಸ್ಪತ್ರೆಯಲ್ಲಿ ಅರವತ್ತು ಹೊಲಿಗೆ,
ಕನ್ನಡಿ ಕೊಡದ ಒಬ್ಬಳು ನರ್ಸಮ್ಮ.
ಇಷ್ಟೂ ಊರವರು ಹೇಳಿದ್ದು.
ಅವನು ಹೇಳಿದ್ದು ಒಣಮೀನಿನ ಬಗ್ಗೆ ಮಾತ್ರ:
'ಬಂಗಡೆ ಮುಟ್ಟದೆ ಇಪ್ಪತ್ತು ದಿನ.
ಅವಳ ಮೂಗು ಅವಳ ಕಣ್ಣಿಗಿಂತ ದೊಡ್ಡದು.'

ಹುಟ್ಟಿದ ಇಪ್ಪತ್ತೆರಡನೆಯ ದಿನ
ಒಂದು ಮರಿ ಕಣ್ಣು ಬಿಟ್ಟಿತು.
ಒಂದೇ ಕಣ್ಣು. ಇನ್ನೊಂದಕ್ಕೆ ಅವಸರವಿರಲಿಲ್ಲ.
ನಾನು ಕೂಗಿದ್ದಕ್ಕೆ ಮಾಳವೇ ಅಲುಗಿತು.
'ಯಾವ ಕಡೆಯದು?'
'ಬಲ.'
ಹಚ್ಚದ ಬೀಡಿಯನ್ನು ಬೆರಳಲ್ಲಿ ಹೊರಳಿಸುತ್ತ
'ಸಾಕು' ಎಂದ, 'ಕೆಲಸ ನಡೆಯುತ್ತದೆ.'

ಕೆಳಗಿನ ಊರಲ್ಲಿ ಸುಗ್ಗಿಗೆ ಗುಮಟೆ ಹದಮಾಡುತ್ತಿದ್ದ ವಾರ
ಒಂದು ಸಂಜೆ ಬಿರುಕು ಅವಳನ್ನು ಹೊರಗೆ ಬಿಟ್ಟಿತು.
ಎಷ್ಟು ಬಡಕಲಾಗಿದ್ದಳು!
ಬೇರೆ ಯಾರದೋ ಕಂಬಳಿ ಹೊದ್ದಂತೆ ಜೋಲುವ ಚರ್ಮ.
ನಿಂತಳು. ಗಾಳಿಯನ್ನು ಮೂಸಿದಳು, ಮತ್ತೆ ಮೂಸಿದಳು.
ಬೆನ್ನು ತಗ್ಗಿಸಿದಳು.
ಒಂದು ಹತ್ತಿತು, ಹೆಗಲ ಜೊಂಪೆ ಹಿಡಿದು.
ಎರಡನೆಯದು ಜಾರಿತು, ಜಾರಿತು,
ಬೈಸಿಕೊಂಡಿತು, ಹತ್ತಿತು.

ಆಗ ಬಾಬ್ಲೋ, ಯಾರಿಗೂ ಅಲ್ಲವೆಂಬಂತೆ:
'ಆವತ್ತು ಅವಳ ಬೆನ್ನ ಮೇಲೂ ಎರಡಿದ್ದವು.
ನಾನು ಮೊದಲು ಕಂಡದ್ದು ಅವನ್ನೇ.
ಗೂನು ಅಂದುಕೊಂಡೆ. ಗೂನಿಗೆ ಕಣ್ಣಿದ್ದವು.
ನನ್ನ ಮೇಲೆ ಬಿದ್ದಾಗಲೂ ಅವು ಬೀಳಲಿಲ್ಲ.
ಅಷ್ಟು ಗಟ್ಟಿ ಹಿಡಿದಿದ್ದವು.'

ಕ್ಷಮಿಸಿದೆಯಾ ಎಂದು ಕೇಳಲು ಬಾಯಿ ಬರಲಿಲ್ಲ,
ಕೇಳಬೇಕಾದ್ದೂ ಅದಲ್ಲವೇನೋ.
ಅವನು ಮಿಕ್ಕ ವಯರನ್ನು ಸುತ್ತತೊಡಗಿದ
ಹೆಬ್ಬೆರಳಿಗೂ ಮೊಣಕೈಗೂ, ಕಣ್ಣಿಹಗ್ಗ ಸುತ್ತುವ ಹಾಗೆ.
ಇಯರ್‌ಫೋನು ಇನ್ನೂ ನನ್ನ ಕಿವಿಯಲ್ಲಿತ್ತು.
ಖಾಲಿ ಗವಿ. ಎಲ್ಲೋ ಒಂದು ಹನಿ.
ಅವರು ಮಲಗಿದ್ದ ಜಾಗದಲ್ಲಿ
ಬಿಸಿ ಆರುತ್ತಿರುವ ಮಣ್ಣಿನ ಸಣ್ಣ ಚಿಟಿಚಿಟಿ.

'ನಾಳೆ ಬರುವಾಗ ಬಂಗಡೆ ತಾ, ಬಾಯೇ' ಎಂದ.
'ಒಣದ್ದು.'