ತಾರೀಖಿನ ಜಾಗ

ಮುಳಗುಂದ ನಾಕಾದ ಹತ್ತಿರ ನಮ್ಮ ಪ್ರೆಸ್ಸು.
ಮುಂದ ಆಫ್‌ಸೆಟ್, ಹಿಂದ ಅಪ್ಪನ ಕಾಲದ ಟ್ರೆಡಲ್ಲು.
ಲಗ್ನಪತ್ರಕ್ಕಷ್ಟ ಈಗ ಅದನ್ನ ತುಳೀತೀನಿ,
ಅಕ್ಷರ ಬೆರಳಿಗೆ ಹತ್ತಬೇಕನ್ನೋ ಮಂದಿ ಇನ್ನೂ ಅದಾರ.

ಬಿಂಕದಕಟ್ಟಿ ರಾಚಪ್ಪ ಅಂಥಾವ ಒಬ್ಬ.
ರಜಾದ ಮ್ಯಾಲೆ ಬಂದಿದ್ದ,
ಕುಂದರೋ ಅಂದ್ರೂ ನಿಂತೇ ಪ್ರೂಫ್ ಓದಿದ.
ಅನಸೂಯಾ ಅನ್ನೂದರಾಗ ದೀರ್ಘ ಬಿಟ್ಟಿತ್ತು,
ಬೆರಳಿಟ್ಟು ನಕ್ಕ: 'ಆಕಿ ಸಿಟ್ಟಾಗ್ತಾಳ್ರೀ ಕಾಕಾ.'
ಎಂಟ್ನೂರು ಪ್ರತಿ. ಅರ್ಧ ರೊಕ್ಕ ಮುಂಗಡ.

ಮೂರನೇ ದಿನ ಫೋನು,
ರೈಲಿನ ಸಪ್ಪಳದಾಗ ಅವನ ದನಿ:
'ಕರೆ ಬಂತ್ರೀ. ರಜಾ ಕ್ಯಾನ್ಸಲ್. ತಾರೀಖು ನಿಲ್ಲಸ್ರಿ.'
ಎಲ್ಲಿಗೆ ಹೊಂಟೀಪಾ ಅಂದೆ.
ಸ್ವಲ್ಪ ಹೊತ್ತು ಬರೇ ಗಾಲಿ.
'ಮ್ಯಾಲೆ' ಅಂದ.
ನಕಾಶದಾಗ ನೋಡಿದೆ,
ಗದಗಿನಿಂದ ಅರ್ಧ ದೇಶಾನೇ ಮ್ಯಾಲೆ ಐತಿ.

ಎದುರಿನ ಚಾದಂಗಡಿ ಟೀವ್ಯಾಗ
ಕೋಟು ಹಾಕಿದವ ಆರಕ್ಕ ಒಂದು ಬಂದರು ಗೆದ್ದ,
ಏಳಕ್ಕ ರಾಜಧಾನಿ.
ಗಿರ್ಮಿಟ್ ತಿನ್ನವರು ಕೈ ಒರೆಸಿಕೊಂಡು ಚಪ್ಪಾಳಿ ತಟ್ಟಿದ್ರು.
ನಾನೂ ತಟ್ಟಿದೆ, ಸುಳ್ಳ್ಯಾಕ ಹೇಳ್ಲಿ,
ಬಸ್ಸಿಂದ ಇಳಿಸಿ ಕೊಂದರಂತ ಓದಿದಾಗಿಂದ
ನನ್ನ ಮೈಯೂ ಕಾದಿತ್ತು.
ಆದ್ರ ತಟ್ಟಿದ ಕೈಯಾಗ ಮಸಿ ಇತ್ತು,
ಆ ಮಸಿ ರಾಚಪ್ಪನ ಲಗ್ನದ್ದು.

ಫ್ಲೆಕ್ಸ್ ಬೇಕಂತ ಒಬ್ಬ ಬಂದ. ವೀರಯೋಧರಿಗೆ ನಮನ.
ಯೋಧರು ತಳದಾಗ ಇರವಿ ಸಾಲು,
ಮ್ಯಾಲೆ ಅವನ ಮಾರಿ, ಚಕ್ಕಡಿ ಗಾಲಿಯಷ್ಟು.
ನಮ್ಮಲ್ಲಿ ಫ್ಲೆಕ್ಸ್ ಇಲ್ಲಂತ ಕಳಿಸಿದೆ.

ತಾಲೂಕು ಆಫೀಸಿನ ತುರ್ತು ಕೆಲಸ: ಅಣಕು ಕವಾಯತು,
ಎರಡು ಸಾವಿರ ಕರಪತ್ರ, ನಾಳೆ ಹೊತ್ತೇರೂದರಾಗ.
ಆಫ್‌ಸೆಟ್ ಕೆಟ್ಟು ಕುಂತಿತ್ತು, ಟ್ರೆಡಲ್ಲಿಗೇ ಹಾಕಿದೆ.
ಮಷೀನು ಹದಕ್ಕ ಬರೂತನಕ ಕೊಡೂದು ರದ್ದಿ ಹಾಳಿ,
ಒಮ್ಮೆ ಅಚ್ಚಾದದ್ದರ ಮ್ಯಾಲೆ ಮತ್ತೊಮ್ಮೆ.
ರಾಚಪ್ಪನ ಪತ್ರದ ಕೆಟ್ಟ ಹಾಳಿ ಅಲ್ಲೇ ಬಿದ್ದಿದ್ದವು.
ಎತ್ತಿ ಬೆಳಕಿಗೆ ಹಿಡಿದೆ:

ಸೈರನ್ ಕೇಳಿದ ಕೂಡಲೇ
ಸಹಕುಟುಂಬ ಸಹಪರಿವಾರ
ಮನೆಯ ದೀಪಗಳನ್ನು ಆರಿಸಿ
ವಧೂವರರನ್ನು ಆಶೀರ್ವದಿಸಿ
ಕಿಟಕಿಗಳಿಂದ ದೂರವಿದ್ದು
ಸುಖಾಗಮನ ಬಯಸುವವರು

ಮುದುಡಿ ಒಗದೆ.
ಮತ್ತ ಹೆಕ್ಕಿ, ಸಪಾಟ ಮಾಡಿ, ಕಿಸೇದಾಗ ಇಟ್ಟಕೊಂಡೆ.

ಸೈರನ್ ಆದ ರಾತ್ರಿ ಊರೆಲ್ಲಾ ಕತ್ತಲ.
ಸುಮ್ಮನ ಕೂಡಲಾರದ ಮೊಳೆಯ ಕೇಸು ತಡವಿದೆ,
ಯಾವ ಅಕ್ಷರದ ಮನಿ ಎಲ್ಲಿ ಅಂತ ಕೈಗೆ ಗೊತ್ತು.
ಶ್ರೀ ಅನ್ನಾಕ ಬೇಕಾದ ಶ, ಅದರ ರ ಒತ್ತು.
ಶ್ರದ್ಧಾಂಜಲಿಗೂ ಅದೇ ಶ, ಅದೇ ಒತ್ತು.
ಹಿಂದೊಮ್ಮೆ ಅಪ್ಪ ಜೋಡಿಸಿದ್ದ, ನಾ ಮಸಿ ಹಚ್ಚಿದ್ದೆ,
ಹಾಳಿ ಒಣಗೂ ಮೊದಲ
ಆ ಮನಿಯವರು ಬಾಗಲದಾಗ ಬಂದು ನಿಂತಿದ್ರು.

ಮರುದಿನ ಆಕಿನೇ ಬಂದ್ಲು, ಅಣ್ಣಿಗೇರಿ ಬಸ್ಸಿಗೆ, ಒಬ್ಬಾಕಿ.
ಹೆಗಲಿಗೆ ಲಸಿಕೆಯ ಡಬ್ಬಿ, ಡ್ಯೂಟಿ ಮುಗಿಸಿ ನೆಟ್ಟಗ ಬಂದಿರಬೇಕು.
'ತಾರೀಖು ಬಿಟ್ಟು ಉಳಿದದ್ದು ಹೊಡೀರಿ.'
ತಡಿಯವ್ವಾ, ಸುದ್ದಿ ಬರಲಿ ಅಂದೆ.
'ಯಾವ ಸುದ್ದಿ?'
ನನ್ನ ಬಾಯಿ ಕಟ್ಟಿತು.
'ತಾರೀಖು ನಾನ ಬರೀತೀನಿ, ಎಂಟ್ನೂರಕ್ಕೂ.
ದೀರ್ಘ ಹಾಕೀರಿಲ್ಲೋ?'

ಟ್ರೆಡಲ್ ತುಳದವರಿಗೆ ಗೊತ್ತು,
ಅಚ್ಚಿನಾಗ ಖಾಲಿ ಅನ್ನೂದು ಖಾಲಿ ಇರೂದಿಲ್ಲ.
ಹಂಗ ಬಿಟ್ಟರ ಇದ್ದ ಅಕ್ಷರಾನೂ ಸಡಲಿ ಉದುರತಾವ.
ಬಿಳಿ ಉಳೀಬೇಕಂದ್ರ ಅಲ್ಲಿ ಸೀಸ ತುಂಬಬೇಕು,
ಮಸಿ ತಾಗದಂಗ,
ಅಕ್ಷರಕ್ಕಿಂತ ಒಂದು ಕೂದಲೆಳಿ ಗಿಡ್ಡ.

ತುಂಬಿದೆ. ಬೆರಳಿನಷ್ಟು ಸೀಸ, ತಣ್ಣಗಿತ್ತು.
ತುಳಿಯಾಕ ಹತ್ತಿದೆ.
ಆಕಿ ಎದುರಿಗೆ ಕುಂತು
ಒಂದೊಂದ ಎಣಿಸಿಕೋತ ಇಟ್ಲು.