ಮನೆಗಂದಾಯ

ಮಡಿಕೇರಿಯಲ್ಲಿ ಸಮತಟ್ಟು ಎನ್ನುವುದು
ಫುಟ್‌ಬಾಲ್ ಆಡುವ ಹುಡುಗರಿಗೆ ಮಾತ್ರ.
ಉಳಿದವರಿಗೆ ಏರು,
ಇಲ್ಲವೇ ಏರಿದ ತಪ್ಪಿಗೆ ಇಳಿಜಾರು.
ಹನ್ನೆರಡು ವರ್ಷದಿಂದ ಈ ಊರಿನ ಗೋಡೆ ಅಳೆಯುತ್ತಿದ್ದೇನೆ,
ಕಂಕುಳಲ್ಲಿ ನಗರಸಭೆಯ ರಿಜಿಸ್ಟರು, ಕೈಯಲ್ಲಿ ಟೇಪು.
ಹೆಂಚು, ಶೀಟು, ಆರ್‌ಸಿಸಿ: ಮೂರೇ ಕಾಲಂ.

ಮಹದೇವಪೇಟೆಯಲ್ಲೊಂದು ಮಾಡು,
ಮುಂದೆ ಹೆಂಚು, ನಡುವೆ ಶೀಟು, ಹಿಂದೆ ಸಿಮೆಂಟು;
ಅಣ್ಣತಮ್ಮಂದಿರು ಪಾಲಾದ ಕತೆಯನ್ನು
ಎದುರು ಮಹಡಿಯಿಂದ ಓದಿಕೊಳ್ಳಬಹುದು.
ಕೆಳಗೆ, ಮೊಬೈಲ್ ಅಂಗಡಿಯ ಫ್ಲೆಕ್ಸು ಗಾಳಿಗೆ ಹರಿದಲ್ಲಿ
'ಜೇನು, ಏಲಕ್ಕಿ, ಕರಿಮೆಣಸು'
ಮೊಯ್ದುಕುಟ್ಟಿ ಬರೆದದ್ದು,
ಣಕಾರದ ಹೊಟ್ಟೆಗೂ ನೆರಳು ಕೊಟ್ಟ ಕೈ.

ಗದ್ದಿಗೆಗೆ ಮೊದಲ ಸಲ ಹೋದಾಗ
ಗುಮ್ಮಟ ನೋಡಿ ಚಪ್ಪಲಿ ಬಿಟ್ಟು ತಲೆಗೆ ಸೆರಗು ಹೊದ್ದೆ,
ಮೂಲೆಯಲ್ಲಿ ಕೂತ ಬಸವನ್ನ ನೋಡಿ ಸೆರಗು ತೆಗೆದೆ.
ಚಪ್ಪಲಿ ಬಿಟ್ಟದ್ದು ಹೇಗೂ ಸರಿಯೇ ಇತ್ತು.

ಈ ಮೇ ತಿಂಗಳು,
ಗುಡ್ಡ ಜಾರಿದ ಮೇಲೆ ಕಟ್ಟಿದ ತಡೆಗೋಡೆಗೆ
ಏಣಿ ಇಟ್ಟು ನಿಂತಿದ್ದಾಳೆ ಪೂವಿ, ಮೊಯ್ದುಕುಟ್ಟಿಯ ಶಿಷ್ಯೆ.
ನೀರು ಹೊರಬರಲೆಂದು ಬಿಟ್ಟ ಪೈಪುಗಳು ನಲವತ್ತು,
ಒಂದನ್ನೂ ಮುಚ್ಚಬಾರದೆಂದು ಎಂಜಿನಿಯರ ಅಪ್ಪಣೆ.
ಮುಚ್ಚಿಲ್ಲ ಅವಳು.
ಒಂದು ಪೈಪಿಗೆ ಕೆಟಲ್ ಬರೆದಿದ್ದಾಳೆ, ಸುತ್ತ ಲೋಟಗಳು,
ಒಂದಕ್ಕೆ ಕೊಂಬು ಊದುವವನ ಉಬ್ಬಿದ ಕೆನ್ನೆ,
ಒಂದಕ್ಕೆ ಕಾಲೆತ್ತಿದ ನಾಯಿ.
"ಅಕ್ಷರ ಕಲಿಸಿದೆ, ನಾಯಿ ಬರೀತಾಳೆ"
ಕೆಳಗೆ ಏಣಿ ಹಿಡಿದ ಮುದುಕ ಗೊಣಗುತ್ತಾನೆ, ಏಣಿ ಬಿಡುವುದಿಲ್ಲ.
"ಜೂನ್ ಬರಲಿ ಅಕ್ಕಾ, ಆಮೇಲೆ ನೋಡಿ"
ಎಂದು ಮೇಲಿಂದಲೇ ನಗುತ್ತಾಳೆ ಪೂವಿ.

ಕೊನೆಯಲ್ಲಿ, ಪೈಪು ಇಲ್ಲದ ಕಡೆ,
ಬರೀ ಒಂದು ಬಾಗಿಲು. ನೀಲಿ.
ಚೌಕಟ್ಟಿನ ಮೇಲೆ ನಂಬರು.
ಆ ನಂಬರು ನನಗೆ ಬಾಯಿಪಾಠ:
ಪ್ರತಿ ಏಪ್ರಿಲ್ ಮೊದಲ ವಾರವೇ ಕಂದಾಯ ಕಟ್ಟಿ
ಚಿಲ್ಲರೆ ಎಣಿಸಿಕೊಟ್ಟು ರಸೀದಿಗೆ ಕಾಯುತ್ತಿದ್ದ ಮನೆ.
ಮನೆ ಇಲ್ಲ. ನಂಬರಿದೆ.
ಕಂಪ್ಯೂಟರು ವರ್ಷವರ್ಷವೂ ಅದರ ಮೇಲೆ ದಂಡಬಡ್ಡಿ ಏರಿಸುತ್ತದೆ,
ಅಳಿಸಿ ಎಂದು ಮೂರು ಸಲ ಬರೆದುಕೊಟ್ಟಿದ್ದೇನೆ.

"ನಿನಗೆ ಹೇಗೆ ಗೊತ್ತು ಈ ನಂಬರು?"
ಪೂವಿ ಬ್ರಷ್ಷು ಒರೆಸಿಕೊಂಡಳು.
"ಅಲ್ಲಿ ಟ್ಯೂಷನ್‌ಗೆ ಹೋಗ್ತಿದ್ದೆ" ಎಂದಳು,
ಮತ್ತೆ ನಾಯಿಯ ಬಾಲಕ್ಕೆ ಮರಳಿದಳು.

ಒಣಗಿದೆಯೇ ಎಂದು ಚಿಲಕ ಮುಟ್ಟಿದೆ. ಒಣಗಿರಲಿಲ್ಲ.
ಒರೆಸಲು ಏನೂ ಸಿಗದೆ
ಅದೇ ಬೆರಳಲ್ಲಿ
ಮೇಲಿನ ತಿರುವಿನ ಮನೆಯ ಬೆಲ್ ಒತ್ತಿದೆ.