ಜೋಡುನಳಿಗೆ

ಧಣಿಯ ಹತ್ತಿರ ಜೋಡುನಳಿಗೆ ಬಂದೂಕಿದೆ, ನರಿಗೆಂದು.
ನಮ್ಮದೂ ಜೋಡುನಳಿಗೆಯೇ:
ಗಿರವಿ ಅಂಗಡಿಯಲ್ಲಿ ಚೌಕಾಸಿ ಮಾಡಿ
ನೂರ ಎಂಬತ್ತು ರಾಂಡಿಗೆ ತಂದ ಬೈನಾಕ್ಯುಲರ್.
ಯಾವನೋ ಕುದುರೆ ಜೂಜಿನಲ್ಲಿ ಸೋತವನು
ಅಡವಿಟ್ಟು ಬಿಡಿಸಿಕೊಳ್ಳದೆ ಹೋದದ್ದು.
ಒಳಗಾಜಿಗೆ ಬೂಷ್ಟು,
ಪಟ್ಟಿಯ ಬದಲು ಉಣ್ಣೆಮೂಟೆ ಕಟ್ಟುವ ದಾರ.
ಎಂದೋ ಬಿದ್ದು ಪೆಟ್ಟಾಗಿದೆ;
ಎಡದ ನಳಿಗೆ ಒಂದನ್ನು ನೋಡಿದರೆ
ಬಲದ್ದು ಅದರ ಪಕ್ಕದ್ದನ್ನು ನೋಡುತ್ತದೆ,
ಮುನಿಸಿಕೊಂಡ ಗಂಡಹೆಂಡಿರ ಹಾಗೆ.

ಮೇ ತಿಂಗಳು. ಕರೂ ಬಯಲಿನಲ್ಲಿ ಕುರಿ ಈಯುವ ಕಾಲ.
ರಾತ್ರಿ ಕಾವಲಿಗೆ ನಾನು ಮತ್ತು ಫ್ಲೋರ್ಸ್.
ದೀಪವಿರುವ ಊರು ಎಪ್ಪತ್ತು ಕಿಲೋಮೀಟರ್ ಆಚೆ;
ಇಲ್ಲಿಯ ಕತ್ತಲಿಗೆ ಕೈಯಿಟ್ಟರೆ
ಮೊಣಕೈವರೆಗೆ ಮೆತ್ತಿಕೊಳ್ಳುತ್ತದೆ.
ಗಾಳಿಯಂತ್ರ ಒಮ್ಮೆ ಕಿರ್ರೆಂದು ಸುಮ್ಮನಾಗುತ್ತದೆ.
ತಗಡಿನ ಲೋಟದ ಕಾಫಿ
ತುಟಿಗೆ ಬರುವಷ್ಟರಲ್ಲಿ ತಣ್ಣಗೆ.

ನೋಡುವುದಕ್ಕೂ ಒಂದು ಪಟ್ಟು ಬೇಕು.
ಬರಿದೇ ನಿಂತು ನೋಡಿದರೆ ಆಕಾಶವೇ ನಡುಗುತ್ತದೆ.
ದೊಡ್ಡಿಯ ಕಲ್ಲುಗೋಡೆಗೆ ಮೊಣಕೈ ಊರಿ
ಉಸಿರು ಹಿಡಿ. ಆಗಲೂ
ಎದೆ ಬಡಿದಾಗೊಮ್ಮೆ ನಕ್ಷತ್ರ ಜಿಗಿಯುತ್ತದೆ.
ಅದನ್ನು ನಿಲ್ಲಿಸಲು ಹೋಗಬೇಡ ಎನ್ನುತ್ತಾನೆ ಫ್ಲೋರ್ಸ್.

ಬರಿಗಣ್ಣಿಗೆ ಹಿಟ್ಟು ಚೆಲ್ಲಿದಂತಿದ್ದ ದಾರಿ
ಗಾಜಿಗೆ ಸಿಕ್ಕೊಡನೆ ಕಾಳು ಕಾಳು.
ಶಿಲುಬೆಯ ಕಂಕುಳಲ್ಲಿ ಒಂದು ಕಪ್ಪು,
ಅಲ್ಲಿ ಗಾಜು ಕೂಡ ಏನನ್ನೂ ಹೆಕ್ಕುವುದಿಲ್ಲ.
ಅದರಾಚೆ ದುಂಡನೆಯ ಒಂದು ಮಂಕು.
ಬೂಷ್ಟೆಂದುಕೊಂಡು ಅಂಗಿಯ ತುದಿಯಲ್ಲಿ ಉಜ್ಜಿದೆ,
ಹೋಗಲಿಲ್ಲ. ನಳಿಗೆ ಸರಿಸಿದೆ;
ಬೂಷ್ಟು ನನ್ನ ಜೊತೆ ಬಂತು,
ಅದು ಅಲ್ಲೇ ಉಳಿಯಿತು.

ನನಗೆ ಎಲ್ಲವೂ ಎರಡೆರಡು. ಫ್ಲೋರ್ಸನಿಗೆ ಒಂದೊಂದೇ.
ಎಡಗಣ್ಣಿಗೆ ಹೂ ಬಿದ್ದು ಆರು ವರ್ಷವಾಯಿತು;
ಹಾಳಾದ ಕಣ್ಣಿಗೆ ಹಾಳಾದ ನಳಿಗೆ, ಲೆಕ್ಕ ಚುಕ್ತಾ.
ಲೋಕದಲ್ಲಿ ಅವನ ಅಳತೆಗೇ ಹೊಲಿದಂಥ ವಸ್ತು
ಇದೊಂದೇ ಇರಬೇಕು.

ನಾದಿನಿ ಸಾನ್ನಾ ಬೆಟ್ಟದ ಮೇಲಿನ
ದೊಡ್ಡ ದೂರದರ್ಶಕದ ಮನೆಯಲ್ಲಿ ನೆಲ ಒರೆಸುತ್ತಾಳೆ.
ಅಲ್ಲಿ ಯಾರೂ ಕಣ್ಣಿಟ್ಟು ನೋಡುವುದಿಲ್ಲವಂತೆ.
ಪರದೆ ತುಂಬ ಅಂಕಿ,
ನೆಲದ ತುಂಬ ಬಿಸ್ಕತ್ತಿನ ಪುಡಿ.
ಅವಳೇ ಕೇಳಿಕೊಂಡು ಬಂದು ಹೇಳಿದ್ದು:
ಶಿಲುಬೆಯ ಕಡೆ ಬೆರಳು ತೋರುವ ಎರಡರಲ್ಲಿ
ಹೆಚ್ಚು ಹೊಳೆಯುವುದಿದೆಯಲ್ಲ,
ಅದು ನಿಜಕ್ಕೂ ಜೋಡಿ, ಒಂದನ್ನೊಂದು ಸುತ್ತುತ್ತವೆ ಎಂದು.

ಆ ರಾತ್ರಿ ಫ್ಲೋರ್ಸ್ ಅದರ ಮೇಲಿಂದ ಕದಲಲೇ ಇಲ್ಲ.
‘ಒಂದೇ ಇದೆ’ ಎಂದ.
ಬಹಳ ಹೊತ್ತು ಬಿಟ್ಟು, ‘ಒಂದೇ.’
ದಾರ ಕತ್ತಿನಿಂದ ತೆಗೆದು ನನಗೆ ಕೊಟ್ಟ.
ಎರಡು ಕಂಡವು. ಒತ್ತೊತ್ತಾಗಿ, ಜೋಳದ ಬಣ್ಣ.
ಆದರೆ ಈ ಗಾಜು ದೂರದ ಲಾರಿಗೂ
ನಾಲ್ಕು ದೀಪ ಹಚ್ಚುತ್ತದೆ.
ಸುಳ್ಳುಬುರುಕ ಒಮ್ಮೆ ನಿಜ ನುಡಿದರೆ
ಗುರುತಿಸುವುದು ಹೇಗೆ?

‘ಎರಡಿವೆ’ ಎಂದೆ.
‘ಹೇಗಿವೆ?’
‘ಅಕ್ಕಪಕ್ಕ. ಮಾತಿಲ್ಲ.’
‘ಚಳಿಗೆ’ ಎಂದ ಫ್ಲೋರ್ಸ್.

ಅಷ್ಟರಲ್ಲಿ ಗೋಡೆಯ ಕೆಳಗೆ ಕುರಿಯೊಂದು ನರಳಿತು;
ಮರಿ ಹಿಂಗಾಲು ಮುಂದಾಗಿ ಬರುತ್ತಿತ್ತು.
ತೋಳು ಮಡಚಿ ಕೈ ಒಳಗಿಟ್ಟವನು ಅವನು,
ಲಾಟೀನು ಹಿಡಿದವಳು ನಾನು.
ಆಮೇಲೆ ಆಕಾಶಕ್ಕೆ ಬಿಡುವಾಗಲಿಲ್ಲ.

ಬೆಳಿಗ್ಗೆ ಧಣಿ ಎಣಿಸಲು ಬಂದ.
ನಳಿಗೆಯ ಹಳೆ ರಬ್ಬರು ಅಂಟಿ
ನಮ್ಮ ಕಣ್ಣಿನ ಸುತ್ತ ಕಪ್ಪು ಬಳೆ,
ಫ್ಲೋರ್ಸನ ಕಾಣದ ಕಣ್ಣಿಗೂ ಒಂದು.
‘ಯಾರು ಗುದ್ದಿದರು ನಿಮ್ಮಿಬ್ಬರಿಗೆ?’
ಫ್ಲೋರ್ಸ್ ಗೋಣಿಚೀಲದಲ್ಲಿ
ಮರಿಯ ಕಿವಿ ಒರೆಸುತ್ತಿದ್ದ.
‘ಮೂವತ್ತೊಂದು’ ಎಂದ. ‘ಒಂದೂ ಹೋಗಿಲ್ಲ.’